ಕೊನೆಯ ಕೋಣೆಯ ಕೆಂಪು

ತಾವರಗೇರಾದ ಹೈಸ್ಕೂಲ್ ಮಾಸ್ತರರು ಕುಕನೂರಿಗೆ ಹೋಗಿಬರಲು ದುರುಗೇಶನ ಕ್ರೂಸರ್ ಗಾಡಿ ಗೊತ್ತು ಮಾಡಿದ್ದರು. ಅಲ್ಲಿ ಚಿತ್ರಕಾರ ಕರಿಬಸಪ್ಪನವರ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ, ಇಡೀ ಮನೆಯಲ್ಲಿ ಅವರೊಬ್ಬರ ಚಿತ್ರಗಳೇ ಇವೆ, ಹುಡುಗರನ್ನು ಕರೆದೊಯ್ಯುವ ಮೊದಲು ನಾವೊಮ್ಮೆ ನೋಡಿಬರೋಣ ಎಂದು ಬಾಲಪ್ಪ ಮಾಸ್ತರರು ಎಲ್ಲರನ್ನೂ ಹೊರಡಿಸಿದ್ದರು. ಕಡೇ ಗಳಿಗೆಯಲ್ಲಿ ಒಬ್ಬರಿಗೆ ಜ್ವರ ಬಂದು ಒಂದು ಸೀಟು ಖಾಲಿ ಉಳಿಯಿತು.

"ನಾಳೆ ನೀನೂ ಬಾ," ಎಂದ ದುರುಗೇಶ ಹೆಂಡತಿಗೆ. "ನಿನ್ನ ತವರಿನ ಕಡೇನ ಐತಿ. ನಿಮ್ಮವ್ವ ತೀರಿದ ಮ್ಯಾಲೆ ಆ ದಿಕ್ಕಿಗೆ ಹೋಗೇ ಇಲ್ಲ."

ಹನುಮಂತಮ್ಮ ಕುರಿಗಳ ಮುಂದೆ ಸೊಪ್ಪು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. "ನಾ ಒಲ್ಲೆರಿ. ಕೂಸಿನ್ನ ಯಾರು ನೋಡ್ತಾರ?"

"ನಾ ಸತ್ತೇನೇನು?" ಎಂದಳು ಪಡಸಾಲೆಯಲ್ಲಿ ಕೂತಿದ್ದ ಅತ್ತೆ ದುರಗಮ್ಮ. "ಹೋಗಿ ಬಾ. ಹೊರಗ ಹೋಗದ ಎಷ್ಟು ದಿನಾ ಆತು."

ಹನುಮಂತಮ್ಮ ಉಳಿದ ಸೊಪ್ಪನ್ನೂ ಕುರಿಗಳಿಗೆ ಸುರಿದಳು. ಮದುವೆಗೆ ಮೊದಲು ಅವಳು ಕುಕನೂರಿನ ಒಬ್ಬ ಸಾವುಕಾರರ ಮನೆಯಲ್ಲಿ ಕಸಮುಸುರೆ ಮಾಡಿಕೊಂಡಿದ್ದಳು ಎಂಬುದು ಈ ಮನೆಯವರಿಗೆ ಗೊತ್ತಿತ್ತು. ಆ ಸಾವುಕಾರರು ಚಿತ್ರ ಬರೆಯುವವರು ಎಂಬುದು ಗೊತ್ತಿರಲಿಲ್ಲ. ವರನ ಕಡೆಯವರು ಕೇಳಿದಾಗ ಅವಳ ತಾಯಿ ಮುದಕಮ್ಮ ಅಷ್ಟನ್ನೇ ಹೇಳಿ ಬಾಯಿ ಮುಚ್ಚಿದ್ದಳು. ಮಗಳಿಗೂ ತಾಕೀತು ಮಾಡಿದ್ದಳು: "ಮಾಳಿಗಿ ಮ್ಯಾಲಿನ ಕೋಣಿ ಮಾತು ಎಲ್ಲೂ ಎತ್ತಬ್ಯಾಡ. ಹರೇದ ಹುಡುಗಿ, ಮುದುಕನ ಕೋಣ್ಯಾಗ ಏನ್ ಮಾಡ್ತಿದ್ಲು ಅಂತ ಜನಾ ಕೇಳ್ತಾರ."

ಮರುದಿನ ಮುಂಜಾನೆ ಹನುಮಂತಮ್ಮ ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಕುಷ್ಟಗಿ ದಾಟಿತು, ಯಲಬುರ್ಗಾ ದಾಟಿತು. ಹಿಂದೆ ಮಾಸ್ತರರು ಬಡ್ತಿಯ ವಿಷಯ, ವರ್ಗದ ವಿಷಯ ಮಾತಾಡುತ್ತಿದ್ದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಮನೆ ಗುರುತು ಸಿಗದ ಹಾಗೆ ಆಗಿತ್ತು. ಅಂಗಳಕ್ಕೆ ಕಲ್ಲು ಹಾಸಿದ್ದರು. ಅವಳು ಮುಸುರೆ ತಿಕ್ಕುತ್ತಿದ್ದ ಬಚ್ಚಲಿನ ಜಾಗದಲ್ಲಿ ಚೀಟಿ ಕೊಡುವ ಕಿಟಕಿ ಇತ್ತು. ಗೇಟಿನ ಮೇಲೆ ಕರಿಬಸಪ್ಪನವರ ಹೆಸರು ಹಿತ್ತಾಳೆ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ದುರುಗೇಶ ಗಾಡಿ ನೆರಳಿಗೆ ಹಚ್ಚಿ, "ನಾವೂ ನೋಡೂಣು ಬಾ, ಮಾಸ್ತರ ಜೋಡಿ ನಮ್ಮನ್ನೂ ಪುಕಟೆ ಬಿಟ್ಟಾರ," ಎಂದು ಮಾಸ್ತರರ ಹಿಂದೆಯೇ ಒಳಗೆ ನಡೆದ.

ಚಿತ್ರಗಳನ್ನು ತೋರಿಸಲು ಮೆಹಜಬೀನ ಎಂಬ ಹುಡುಗಿ ಇದ್ದಳು. ಗಂಗಾವತಿಯವಳು, ಹೊಸದಾಗಿ ಕೆಲಸಕ್ಕೆ ಸೇರಿದವಳು. ಪಾಠ ಒಪ್ಪಿಸುವವಳಂತೆ ನಿಲ್ಲದೆ ಹೇಳುತ್ತಿದ್ದಳು. ಕರಿಬಸಪ್ಪನವರು ಹತ್ತಿ ವ್ಯಾಪಾರದ ಮನೆತನದವರು. ಅಂಗಡಿಯಲ್ಲಿ ಕೂಡದೆ ಮುಂಬಯಿಗೆ ಓಡಿಹೋಗಿ ಚಿತ್ರ ಕಲಿತರು. ಮುಪ್ಪಿನಲ್ಲಿ ಊರಿಗೆ ಮರಳಿ, ಈ ಮನೆಯಲ್ಲಿದ್ದುಕೊಂಡೇ ಬರೆದರು. ಕೆಳಗಿನ ಕೋಣೆಗಳಲ್ಲಿ ಮುಂಬಯಿಯ ಗಿರಣಿಗಳು, ಮುಖವಿಲ್ಲದ ಹಮಾಲರು, ಒತ್ತಿ ಕಟ್ಟಿದ ಬೂದು ಬಣ್ಣದ ಹತ್ತಿ ಅಂಡಿಗೆಗಳು ಇದ್ದವು. ಮಾಸ್ತರರು ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಒಬ್ಬರು ಆಕಳಿಸಿದರು.

"ಇದರಾಗ ಏನ್ ತಿಳೀಬೇಕ್ರಿ?" ಎಂದು ದುರುಗೇಶ ಬಾಲಪ್ಪ ಮಾಸ್ತರರನ್ನು ಮೆಲ್ಲಗೆ ಕೇಳಿದ.

"ನನಗೂ ಗೊತ್ತಿಲ್ಲಪಾ. ಸುಮ್ನ ನೋಡು," ಎಂದರು ಅವರು.

ಮೆಟ್ಟಿಲು ಹತ್ತುವಾಗ ಹನುಮಂತಮ್ಮ ಹಿಂದೆ ಉಳಿದಳು. ಮೇಲೆ ಒಂದೇ ಒಂದು ಉದ್ದ ಕೋಣೆ. ಈಗ ಅದಕ್ಕೆ ಏಸಿ ಹಾಕಿದ್ದರು, ಪಡುವಣದ ಕಿಟಕಿ ಮುಚ್ಚಿ ಗೋಡೆ ಮಾಡಿದ್ದರು. ಮೂಲೆಯಲ್ಲಿ ಕರಿಬಸಪ್ಪನವರ ಬೆತ್ತದ ಕುರ್ಚಿ ಇತ್ತು, ಸುತ್ತ ಹಗ್ಗ ಕಟ್ಟಿದ್ದರು. ನಾಲ್ಕೂ ಗೋಡೆಗಳ ಮೇಲೆ ಕೆಂಪು ಚಿತ್ರಗಳು. ಇಟ್ಟಂಗಿಯ ಕೆಂಪು, ಹಸಿ ಗಾಯದ ಕೆಂಪು, ಸಂಜೆ ದೂಳಿನ ಕೆಂಪು. ಮಾಸ್ತರರು ಮಾತು ನಿಲ್ಲಿಸಿದರು. ಆಕಳಿಸಿದ್ದವರೂ ಒಂದು ಚಿತ್ರದ ಮುಂದೆ ಸುಮ್ಮನೆ ನಿಂತುಬಿಟ್ಟರು.

"ಕಲಾವಿದರು ತಮ್ಮ ಕೊನೆಯ ವರ್ಷಗಳಲ್ಲಿ ಬರೆದ ಚಿತ್ರಗಳಿವು," ಎಂದಳು ಮೆಹಜಬೀನ. "ಆಗ ಅವರಿಗೆ ಕೈ ನಡುಗುವ ಕಾಯಿಲೆ ಇತ್ತು. ಊಟದ ತುತ್ತು ಕೂಡ ಬಾಯಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಆದರೆ ಈ ಗೆರೆಗಳನ್ನು ನೋಡಿ, ಎಲ್ಲಿಯೂ ನಡುಕವಿಲ್ಲ. ದೊಡ್ಡ ದೊಡ್ಡ ವಿಮರ್ಶಕರು ಇದನ್ನು ಪವಾಡ ಅಂದಿದ್ದಾರೆ. ಈ ಕೋಣೆ ನೋಡಲೆಂದೇ ದಿಲ್ಲಿಯಿಂದ ಜನ ಬರುತ್ತಾರೆ."

ಹನುಮಂತಮ್ಮ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು.

ಅವಳು ಈ ಮನೆಗೆ ಕೆಲಸಕ್ಕೆ ಬಂದಾಗ ಹದಿನಾರೋ ಹದಿನೇಳೋ ಇತ್ತು. ತಾಯಿ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು, ಇವಳು ಮೇಲೆ ಕಸ ಹೊಡೆದು ಕುಂಚ ತೊಳೆಯುತ್ತಿದ್ದಳು. ಕರಿಬಸಪ್ಪ ಅಜ್ಜನವರ ಕೈ ಅಷ್ಟೊತ್ತಿಗಾಗಲೇ ನಡುಗುತ್ತಿತ್ತು. ಕುಂಚ ಎತ್ತಿ ಚಿತ್ರದ ಬಟ್ಟೆಗೆ ತಾಗಿಸುವಷ್ಟರಲ್ಲಿ ಗೆರೆ ಎತ್ತಲೋ ಹೋಗುತ್ತಿತ್ತು. ಒಂದು ದಿನ ಅವರು ಬಣ್ಣದ ತಾಟನ್ನು ಗೋಡೆಗೆ ಎಸೆದು, ಕುರ್ಚಿಯಲ್ಲಿ ಕೂತು ಮಕ್ಕಳಂತೆ ಅತ್ತರು. ಇವಳು ಹೆದರಿ ನೆಲ ಒರೆಸತೊಡಗಿದಳು.

"ಬಿಡು ಅದನ್ನ," ಎಂದರು ಅಜ್ಜನವರು. "ಇಲ್ಲಿ ಬಾ. ಆ ಕುಂಚ ತಗೋ. ನಾ ಹೇಳ್ತೀನಿ, ನೀ ಎಳಿ."

"ನನಗ ಬರೂದಿಲ್ರಿ ಅಜ್ಜಾರ."

"ನನಗೂ ಈಗ ಬರೂದಿಲ್ಲ. ತಗೋ."

ಹಾಗೆ ಶುರುವಾಯಿತು. ಅವರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದರು, ಇವಳು ಬಟ್ಟೆಯ ಮುಂದೆ ನಿಲ್ಲುತ್ತಿದ್ದಳು. ದುಂಡಗೆ ಬರೆ, ಉದ್ದ ಬರೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. "ಕುರಿ ಹೋಗ್ಯಾವ ಹನುಮವ್ವಾ. ದೂಳ ಮಾತ್ರ ನಿಂತೈತಿ. ಆ ದೂಳು ಎಷ್ಟು ಭಾರ ಐತಿ ನೋಡು. ಅಷ್ಟ ಒತ್ತಿ ಹಚ್ಚು," ಎನ್ನುತ್ತಿದ್ದರು. ಅವಳಿಗೆ ದೂಳು ಕಾಣುತ್ತಿತ್ತು. ಕೈ ತಾನೇ ಹೋಗುತ್ತಿತ್ತು. ಅವರು ಕಣ್ಣು ಬಿಟ್ಟು ನೋಡಿ "ಹಾಂ" ಅನ್ನುತ್ತಿದ್ದರು, ಇಲ್ಲವೇ "ಅಳಸು" ಅನ್ನುತ್ತಿದ್ದರು. ಬರಬರುತ್ತ ಅಳಿಸುವುದು ಕಡಿಮೆಯಾಯಿತು. ಬರಬರುತ್ತ ಅವರ ಮಾತೂ ಕಡಿಮೆಯಾಯಿತು. ಕೆಲವು ದಿನ ಮಧ್ಯಾಹ್ನದ ಝಳಕ್ಕೆ ಅವರು ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಅವರ ಉಸಿರು ಕೇಳುತ್ತ ಅವಳು ಹಚ್ಚುತ್ತಲೇ ಇರುತ್ತಿದ್ದಳು.

ಒಮ್ಮೆ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಿದ್ದರು. ಮನೆ ಭಣಭಣ ಅನ್ನುತ್ತಿತ್ತು. ಕಿಟಕಿಯ ಆಚೆ ಕುರಿದೊಡ್ಡಿ ಇತ್ತು, ನಡುಮಧ್ಯಾಹ್ನ ಅದರ ಬಾಗಿಲು ಕಪ್ಪಗೆ ತೆರೆದುಕೊಂಡಿತ್ತು. ಅವಳು ಯಾರನ್ನೂ ಕೇಳದೆ ಹೊಸ ಬಟ್ಟೆ ತೆಗೆದು ಅದನ್ನು ಬರೆದಳು. ಅಜ್ಜನವರು ವಾಪಸು ಬಂದಾಗ ಅದು ಗೋಡೆಗೆ ಒರಗಿ ನಿಂತಿತ್ತು. ಅವರು ಬಹಳ ಹೊತ್ತು ನೋಡಿದರು.

"ಇದು ಯಾರದು?" ಎಂದು ಕೇಳಿದರು.

ಕೇಳದೆ ಬಟ್ಟೆ ಬಳಸಿದ್ದಕ್ಕೆ, ಬಣ್ಣ ಖರ್ಚು ಮಾಡಿದ್ದಕ್ಕೆ ಬೈಯುತ್ತಾರೆಂದು ಅವಳಿಗೆ ಹೆದರಿಕೆ. "ನಿಮ್ಮದ್ರಿ ಅಜ್ಜಾರ," ಎಂದಳು.

ಅವರು ಮತ್ತೆ ನೋಡಿದರು. ಆಮೇಲೆ ಸಣ್ಣ ಕುಂಚ ಕೇಳಿ ಪಡೆದು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಮೂಲೆಯಲ್ಲಿ ತಮ್ಮ ಹೆಸರು ಬರೆದರು. ಬಟ್ಟೆ ಅಲುಗಾಡದಂತೆ ಅವಳೇ ಹಿಡಿದುಕೊಂಡು ನಿಂತಿದ್ದಳು. ಇದರಲ್ಲಿ ಏನೋ ಒಂದು ಕೇಳಬೇಕಾದ್ದು ಇದೆ ಎಂದು ಆಗ ಅವಳಿಗೆ ಹೊಳೆಯಲೇ ಇಲ್ಲ. ಮನೆ ಅವರದು, ಬಣ್ಣ ಅವರದು, ಮಾತು ಅವರದು. ತಾನು ಕೆಲಸಕ್ಕಿದ್ದವಳು. ಮರುವರ್ಷ ಅಜ್ಜನವರು ತೀರಿಹೋದರು. ಅದರ ಮುಂದಿನ ವರ್ಷ ಅವಳನ್ನು ತಾವರಗೇರಾಕ್ಕೆ ಕೊಟ್ಟರು.

ಈಗ ಅದೇ ಚಿತ್ರ ಎದುರಿನ ಗೋಡೆಯ ನಟ್ಟ ನಡುವೆ ತೂಗುತ್ತಿತ್ತು. ಅದಕ್ಕೆ ಬೇರೆಯೇ ದೀಪ ಹಾಕಿದ್ದರು.

"ಇದು ಎಲ್ಲಕ್ಕಿಂತ ಹೆಸರಾದ ಚಿತ್ರ," ಎಂದಳು ಮೆಹಜಬೀನ. "ಇದರ ಹೆಸರು ‘ಮರಣ’. ಸುತ್ತಲಿನ ಕೆಂಪು ಬದುಕು, ನಡುವೆ ಇರುವ ಕಪ್ಪು ಸಾವಿನ ಬಾಗಿಲು. ಸಾವು ಹತ್ತಿರ ಬಂದಿದ್ದು ಕಲಾವಿದರಿಗೆ ಮೊದಲೇ ಕಂಡಿತ್ತು."

"ಅದು ಸಾವಲ್ರಿ," ಎಂದುಬಿಟ್ಟಳು ಹನುಮಂತಮ್ಮ. "ಕುರಿದೊಡ್ಡಿ ಐತ್ರಿ ಅದು."

ಎಲ್ಲರೂ ತಿರುಗಿ ನೋಡಿದರು. ಒಬ್ಬ ಮಾಸ್ತರರು ನಕ್ಕರು, ಉಳಿದವರೂ ನಕ್ಕರು. ಕೆಟ್ಟ ನಗೆಯೇನಲ್ಲ. "ಕುರಿ ಸಾಕೋರಿಗೆ ಕುರಿ ಕಾಣ್ತೈತಿ ಬಿಡ್ರಿ," ಎಂದರು ಯಾರೋ. ದುರುಗೇಶನ ಮುಖ ಕೆಂಪಾಯಿತು. "ಸುಮ್ನಿರು," ಎಂದು ಹಲ್ಲು ಕಚ್ಚಿ ಹೇಳಿದ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಿದ್ದರು. ನೆರೆತ ಕೂದಲು, ಕನ್ನಡಕ, ಕೈಯಲ್ಲಿ ಬೀಗದ ಗೊಂಚಲು. ಕರಿಬಸಪ್ಪನವರ ಒಬ್ಬಳೇ ಮಗಳು ಅಮೃತಾ. ಪುಣೆಯಲ್ಲಿ ನೌಕರಿ ಮುಗಿಸಿ ಬಂದು ಈ ಮ್ಯೂಸಿಯಂ ನಡೆಸುತ್ತಿದ್ದವರು ಅವರೇ.

"ನೀ ಹನುಮವ್ವ ಅಲ್ಲೇನು? ಮುದಕವ್ವನ ಮಗಳು?"

"ಹೌದ್ರಿ ಅಕ್ಕಾರ."

ಅಮೃತಾ ಗಂಡಹೆಂಡತಿ ಇಬ್ಬರನ್ನೂ ಕೆಳಗೆ ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ಹನುಮಂತಮ್ಮ ನೆಲದ ಮೇಲೆ ಕೂಡಲು ಹೋದಳು, ಅವರು ಕೈ ಹಿಡಿದು ಕುರ್ಚಿಯಲ್ಲಿ ಕೂಡಿಸಿದರು. ದುರುಗೇಶ ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದ.

"ನಿನಗ ಗೊತ್ತಿಲ್ಲೇನಪಾ? ನಿನ್ನ ಹೆಂಡ್ತಿ ನಮ್ಮಪ್ಪಗ ಬಲಗೈ ಇದ್ದಂಗ ಇದ್ಲು," ಎಂದು ಅಮೃತಾ ನಕ್ಕರು. ಹಾಗೆ ಅಂದವರು ತಟ್ಟನೆ ನಗು ನಿಲ್ಲಿಸಿದರು. ಚಹಾದ ಕಪ್ಪು ಕೆಳಗಿಟ್ಟರು.

ಹೊರಗೆ ಮಾಸ್ತರರು ಕೂಗುತ್ತಿದ್ದರು. ದುರುಗೇಶ ಎದ್ದು ಹೋದ. ಅವನು ಹೋದ ಮೇಲೆ ಅಮೃತಾ ಮೇಜಿನ ಮೇಲೆ ಬಾಗಿದರು.

"ನೀ ಬಣ್ಣ ಕಲಸಿ ಕೊಡ್ತಿದ್ದಿ. ಅಷ್ಟ ಅಲ್ಲೇನು, ಹನುಮವ್ವ?"

ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಬೇಡಿಕೊಳ್ಳುವವರ ದನಿ ಅದು. ಇಷ್ಟು ದೊಡ್ಡ ಮನೆತನದ ಹೆಂಗಸು ತನ್ನನ್ನು ಯಾಕೆ ಹೀಗೆ ಬೇಡುತ್ತಾರೆ ಎಂದು ಹನುಮಂತಮ್ಮನಿಗೆ ದಿಗಿಲಾಯಿತು.

"ಹೌದ್ರಿ ಅಕ್ಕಾರ," ಎಂದಳು. "ಬಣ್ಣ ಕಲಸ್ತಿದ್ದೆ."

ತಿರುಗಿ ಬರುವಾಗ ಯಲಬುರ್ಗಾದಲ್ಲಿ ಚಹಾಕ್ಕೆಂದು ಗಾಡಿ ನಿಂತಿತು. ಮಾಸ್ತರರು ಹೋಟೆಲಿನೊಳಗೆ ಹೋದರು. ದುರುಗೇಶ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದ:

"ಏನ್ ಕೆಲಸ ಮಾಡ್ತಿದ್ದಿ ಆ ಮನ್ಯಾಗ? ಖರೇ ಹೇಳು."

ಹನುಮಂತಮ್ಮ ಹೇಳಿದಳು. ಮೊದಲಿನಿಂದ ಹೇಳಲು ಬರಲಿಲ್ಲ, ತುದಿಯಿಂದ ಶುರುಮಾಡಿ ಹಿಂದಕ್ಕೆ ಹೋದಳು. ನಾ ಬರೀತಿದ್ದೆ ಅಂದಳು, ಅವರು ಹೇಳ್ತಿದ್ರು ಅಂದಳು, ಮತ್ತೆ ನಾನ ಬರೀತಿದ್ದೆ ಅಂದಳು. ದುರುಗೇಶ ರಸ್ತೆ ನೋಡುತ್ತ ಕೇಳಿದ.

"ಬಾಗಲಾ ಹಾಕ್ತಿದ್ರೇನು?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಇಲ್ರಿ. ತಗದ ಇರ್ತಿತ್ತು. ಅವ್ವ ಕೆಳಗ ಇರ್ತಿದ್ಲು."

ಅವನು ಹಾರ್ನ್ ಬಾರಿಸಿ ಮಾಸ್ತರರನ್ನು ಕರೆದ. ಮರುದಿನ ಬಾಡಿಗೆಗೆ ಹೋದ, ಬಂದ, ಉಂಡ, ಮಲಗಿದ. ಹನುಮಂತಮ್ಮ ಅವನ ಮುಖ ನೋಡುತ್ತ, ನೋಡದ ಹಾಗೆ ಮಾಡುತ್ತ ದಿನ ಕಳೆದಳು. ಆ ವಾರದ ಕೊನೆಗೆ ಅವನು ಕುಷ್ಟಗಿಯಿಂದ ಬರುವಾಗ ಒಂದು ಬಣ್ಣದ ಡಬ್ಬಿ, ಕುಂಚ, ದಪ್ಪ ಹಾಳೆಗಳ ಸುರುಳಿ ತಂದು ಅವಳ ಮುಂದಿಟ್ಟ.

"ಬರೀ," ಎಂದ. "ಅವು ನಿನ್ನವು ಅಂದ್ರ ನಿನ್ನ ಹೆಸರು ಇರಬೇಕು. ಬರದು ತೋರ್ಸೂಣು. ಆಗ ಯಾರೂ ಇಲ್ಲ ಅನ್ನೂದಿಲ್ಲ."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಆ ಮಧ್ಯಾಹ್ನವೇ ಬೇವಿನ ನೆರಳಿಗೆ ಹಲಗೆ ಹಾಕಿ, ಹಾಳೆ ಹರಡಿ ಕೂತಳು. ಡಬ್ಬಿಯಲ್ಲಿ ಕೆಂಪು ಇತ್ತು. ಕುಂಚ ಅದ್ದಿದಳು. ಹಾಳೆಯ ಮೇಲೆ ಕೈ ತಂದಳು.

ಕೈ ಹೋಗಲಿಲ್ಲ.

ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ಒಂದು ಗೆರೆ ಎಳೆದಳು, ಅದು ಗೆರೆ ಅಷ್ಟೇ. ಇನ್ನೊಂದು ಎಳೆದಳು. ಗೋಡೆಗೆ ಕೆಮ್ಮಣ್ಣು ಬಳಿದ ಹಾಗೆ ಕಾಣಿಸಿತು. ಇಷ್ಟು ವರ್ಷ ಹತ್ತಿ ಬಿಡಿಸಿ, ಹುಲ್ಲು ಕೊಯ್ದು ಕೈ ಬಿರುಸಾಗಿದೆ, ನಾಳೆ ಬರುತ್ತದೆ ಅಂದುಕೊಂಡಳು. ಮರುದಿನ ಕೂತಳು, ಅದರ ಮರುದಿನವೂ ಕೂತಳು. ಕುರಿ ನೋಡಿದಳು, ದೂಳು ನೋಡಿದಳು. ಎಲ್ಲ ಅಲ್ಲಲ್ಲೇ ಇತ್ತು, ಯಾವುದೂ ಕೈಗೆ ಇಳಿಯಲಿಲ್ಲ. ತಾನು ಕಿವಿಗೊಟ್ಟು ಕೂತಿದ್ದೇನೆ, ಹಿಂದಿನಿಂದ ಯಾರೋ ಹೇಳಲಿ ಎಂದು ಕಾಯುತ್ತಿದ್ದೇನೆ ಎಂದು ಒಂದು ಹೊತ್ತಿನಲ್ಲಿ ಅವಳಿಗೆ ಅರಿವಾಯಿತು. ಕುಂಚ ತೊಳೆದು ಒಣಗಲು ಇಟ್ಟಳು.

ದುರುಗೇಶ ಮೊದಮೊದಲು ತಾನೇ ಬಂದು ಕೇಳುತ್ತಿದ್ದ, "ಬಂತೇನು?" ಆಮೇಲೆ ಕೇಳುವುದು ಬಿಟ್ಟ. ಒಂದು ದಿನ ಅವರ ಮೂರು ವರ್ಷದ ಮಗಳು ಆ ಹಾಳೆಯ ಮೇಲೆ ಕೈಯಾಡಿಸಿ ಬಣ್ಣ ಮೆತ್ತಿದಳು. "ಕೂಸಿಂದ ಛಲೋ ಬಂದೈತಲ್ಲ!" ಎಂದು ಅವನು ನಕ್ಕ. ನಕ್ಕವನು ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿದ. ಅವತ್ತಿನಿಂದ ಅವನ ನೋಟದಲ್ಲಿ ಒಂದು ಸಂಶಯ ಸೇರಿಕೊಂಡಿತು. ಅವಳು ರೊಟ್ಟಿ ಬಡಿಯುವಾಗ ಅವಳ ಕೈಗಳನ್ನೇ ನೋಡುತ್ತಿದ್ದ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಸುಮ್ಮನೆ ನೋಡುವವನಿಗೆ ಏನು ಹೇಳುವುದು?

"ಮತ್ತೊಮ್ಮೆ ಹೋಗೂಣು," ಎಂದ ಅವನು ಕಡೆಗೆ. "ಆ ಅಮೃತಕ್ಕಾರ್ನ ಎದುರಾಎದುರ ಕೇಳೂಣು. ಅವರ ಬಾಯಿಂದ ಬರ್ಲಿ."

"ಬ್ಯಾಡ್ರಿ."

"ಯಾಕ ಬ್ಯಾಡ? ನೀ ಹೇಳಿದ್ದು ಖರೇ ಇದ್ರ ಯಾಕ ಬ್ಯಾಡ?"

ಅವಳು ಬಣ್ಣದ ಡಬ್ಬಿ ಮುಚ್ಚಿ ಒಳಗಿಟ್ಟಳು.

ಸೋಮವಾರ ಮ್ಯೂಸಿಯಂಗೆ ರಜೆ. ಅವತ್ತೇ ಹೋದರು. ಅಮೃತಾ ಒಬ್ಬರೇ ಇದ್ದರು. ದುರುಗೇಶ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ, ನಿಂತುಕೊಂಡೇ ಹೇಳಿದ:

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ರೊಕ್ಕ ಕೇಳಾಕ ಬಂದಿಲ್ರಿ ನಾವು. ಆ ಮ್ಯಾಲಿನ ಚಿತ್ರಾ ಈಕಿ ಬರದಾಳಂತ. ಅಜ್ಜಾರ ಹೆಸರು ಅಲ್ಲೇ ಇರ್ಲಿ. ಕೆಳಗ ಸಣ್ಣದಾಗಿ ಈಕಿ ಹೆಸರೂ ಒಂದು ಹಾಕ್ರಿ. ಅಷ್ಟರಿ."

ಅಮೃತಾ ಕೂತಿದ್ದ ಕುರ್ಚಿಯಿಂದ ಏಳಲಿಲ್ಲ. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

"ನಮ್ಮಪ್ಪನ ಕೈ ಹೆಂಗ ನಡಗ್ತಿತ್ತು ಅಂತ ನಾ ನೋಡೀನಿ," ಎಂದರು. "ವರ್ಷಕ್ಕ ಒಂದೆರಡು ಸಲ ಬರ್ತಿದ್ದೆ. ಬಂದಾಗೆಲ್ಲ ಹೊಸಾ ಚಿತ್ರ ಇರ್ತಿದ್ವು. ಹೆಂಗ ಬರದಿ ಅಪ್ಪಾ ಅಂತ ಒಂದ್ಸಲಾನೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದ. ಅದಕ್ಕ ಕೇಳ್ಲಿಲ್ಲ."

ಅಮೃತಾ ದುರುಗೇಶನ ಕಡೆ ತಿರುಗಿದರು.

"ಕೆಳಗಿನ ಚಿತ್ರಾ ನೋಡಾಕ ಯಾರೂ ಬರೂದಿಲ್ಲಪಾ. ಈ ಮನಿ ನಿಂತದ್ದ ಆ ಒಂದು ಕೋಣೀ ಮ್ಯಾಲೆ. ಬರೂ ತಿಂಗಳು ಅವು ದಿಲ್ಲಿಗೆ ಹೊಂಟಾವ, ದೊಡ್ಡ ಪ್ರದರ್ಶನ ಐತಿ. ನಾ ಈಗ ಇನ್ನೊಂದು ಹೆಸರು ಹೇಳಿದ್ರ ಅವರು ಕೇಳೂ ಮಾತು ಒಂದ. ಎಲ್ಲೈತಿ ಸಾಕ್ಷಿ? ನಾ ಏನ್ ತೋರಸ್ಲಿ?" ಅವರು ಕನ್ನಡಕ ಹಾಕಿಕೊಂಡು ಹನುಮಂತಮ್ಮನನ್ನು ನೋಡಿದರು. "ಒಂದು ಗೆರಿ ಎಳದು ತೋರ್ಸು ನನಗ. ಒಂದ ಗೆರಿ. ಅಪ್ಪನ ಚಿತ್ರದಾಗ ಹುಟ್ಟಿ ಬೆಳದಾಕಿ ನಾ. ನೋಡಿದ್ರ ಗುರ್ತು ಹಿಡೀತೀನಿ. ಹಿಡದ್ನಿ ಅಂದ್ರ, ದಿಲ್ಲಿಯವರಿಗೆ ನಾನ ಹೇಳ್ತೀನಿ. ಏನರ ಆಗ್ಲಿ."

ಮೂವರೂ ಮೇಲೆ ಹೋದರು. ಅಮೃತಾ ದೀಪ ಹಾಕಿ, ಕೆಳಗಿನಿಂದ ತಂದೆಯವರು ಬಟ್ಟೆ ಇಟ್ಟು ಬರೆಯುತ್ತಿದ್ದ ಹಳೆಯ ಚೌಕಟ್ಟು ತರಿಸಿ ನಿಲ್ಲಿಸಿದರು. ದುರುಗೇಶನೇ ಹೊತ್ತು ತಂದ. ಬಿಳಿ ಬಟ್ಟೆ ಇಟ್ಟರು, ಬಣ್ಣ ಇಟ್ಟರು. ಎಣ್ಣೆಯ ವಾಸನೆ ಹನುಮಂತಮ್ಮನ ಮೂಗಿಗೆ ಬಡಿಯಿತು. ಕುಂಚ ಕೈಗೆ ಬಂತು. ಅದರ ಹಿಡಿ ಅವಳಿಗೆ ಗೊತ್ತಿತ್ತು, ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಈಗ ಬರುತ್ತದೆ ಎಂದುಕೊಂಡಳು. ನಾಲ್ಕೂ ಗೋಡೆಗಳ ಮೇಲೆ ಅವಳ ಕೆಂಪೇ ಇತ್ತು, ನೋಡಿಕೊಂಡಾದರೂ ಬರೆಯಬಹುದಿತ್ತು.

ಏನೂ ಬರಲಿಲ್ಲ.

ಏಸಿಯ ಸದ್ದು ಕೇಳುತ್ತಿತ್ತು.

"ಏನರ ಹೇಳ್ರಿ ಅಕ್ಕಾರ," ಎಂದಳು ಹನುಮಂತಮ್ಮ, ತಿರುಗದೆಯೇ. "ಅಜ್ಜಾರ ಹೇಳ್ತಿದ್ರು. ನೀವೂ ಏನರ ಹೇಳ್ರಿ."

ಅಮೃತಾ ಸುತ್ತಲೂ ನೋಡಿದರು. ಹಗ್ಗ ಬಿಚ್ಚಿ, ಒಳಗೆ ಹೋಗಿ ತಂದೆಯ ಬೆತ್ತದ ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿದರು. ತುಟಿ ಅಲುಗಿತು. "ಏನ್ ಹೇಳ್ಲಿ, ಹನುಮವ್ವ?" ಎಂದರು. "ಅವ ಏನ್ ಹೇಳ್ತಿದ್ದ? ನನಗ ಒಮ್ಮೆಯೂ ಏನೂ ಹೇಳ್ಲಿಲ್ಲಲ್ಲ ಅವ."

"ದೂಳು ಅಂತಿದ್ರು. ಕುರಿ ಹೋಗ್ಯಾವ ಅಂತಿದ್ರು."

"ಕುರಿ ಹೋಗ್ಯಾವ," ಎಂದರು ಅಮೃತಾ. ಆ ಮಾತು ಬರೀ ಮಾತಾಗಿ ಕೋಣೆಯಲ್ಲಿ ಬಿತ್ತು.

ದುರುಗೇಶನಿಗೆ ತಡೆಯಲಾಗಲಿಲ್ಲ. "ನಮ್ಮ ಕುರಿ ನೆನಸ್ಕೋ ಹನುಮಿ," ಎಂದ. "ಸಂಜೀಕ ಬರ್ತಾವಲ್ಲ, ಹಂಗ... ಮುಂದ ಟಗರು, ಹಿಂದ ಮರಿ..." ಕೈಯಲ್ಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಹನುಮಂತಮ್ಮ ಕಣ್ಣು ಮುಚ್ಚಿ ಒಂದು ಗೆರೆ ಎಳೆದಳು. ಕಣ್ಣು ಬಿಟ್ಟು ನೋಡಿದಳು. ನೋಡಿದ ಕೂಡಲೇ ತಿಳಿಯಿತು. ಅಮೃತಾ ಎದ್ದು ಬಂದು ಅದರ ಮುಂದೆ ನಿಂತರು, ಕನ್ನಡಕ ಮೇಲೇರಿಸಿ ಹತ್ತಿರ ಬಾಗಿದರು. ಗುರುತು ಸಿಗಲಿ ಎಂದು ಅವರೂ ಆಸೆಪಟ್ಟಿದ್ದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಆಮೇಲೆ ಆ ಬೆನ್ನು ಸಡಿಲಾಯಿತು. "ಇಲ್ಲ" ಎಂದು ಅವರು ಹೇಳಲಿಲ್ಲ. ಬಟ್ಟೆಯನ್ನು ಚೌಕಟ್ಟಿನಿಂದ ಇಳಿಸಿ ಗೋಡೆಗೆ ಮುಖಮಾಡಿ ಇಟ್ಟರು.

"ನಾ ನಂಬತೀನಿ ನಿನ್ನ," ಎಂದರು. "ಆದ್ರ ನಾ ನಂಬಿದ್ರ ಏನಾತು?"

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ಗಂಡಹೆಂಡತಿ ಎದುರುಬದುರು ಕೂತರು. ರೊಟ್ಟಿ ಬಂತು, ಪಲ್ಯ ಬಂತು. ದುರುಗೇಶ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ.

"ಅವು ನಿನ್ನವ," ಎಂದ. "ನನಗ ಗೊತ್ತೈತಿ. ನೀ ಸುಳ್ಳ ಹೇಳಾಕಿ ಅಲ್ಲ."

ಇಷ್ಟು ದಿನ ಅವಳು ಕಾದಿದ್ದ ಮಾತು ಅದು. ಬಂದಾಗ ಅದರಿಂದ ಏನೂ ಆಗಲಿಲ್ಲ.

"ನನಗ ಗೊತ್ತಿಲ್ರಿ," ಎಂದಳು ಹನುಮಂತಮ್ಮ. "ಮೊದಲ ಗೊತ್ತಿತ್ತು. ಈಗ ನನಗೂ ತಿಳೀವಲ್ದು. ಅವರ ಕೈ ನಾ ಆಗಿದ್ನೋ, ನನ್ನ ಬಾಯಿ ಅವರಾಗಿದ್ರೋ. ಯಾರನ್ನ ಕೇಳ್ಲಿ? ಅವರೂ ಇಲ್ಲ, ಅವ್ವನೂ ಇಲ್ಲ."

"ಉಣ್ಣು," ಎಂದ ದುರುಗೇಶ. ಅವಳ ತಾಟಿಗೆ ತನ್ನ ಪಲ್ಯವನ್ನೂ ಬಡಿಸಿದ. ಅವಳು ಉಂಡಳು.

ಹತ್ತಿ ಬಿಡಿಸುವ ಸುಗ್ಗಿ ಶುರುವಾಯಿತು. ಹನುಮಂತಮ್ಮ ಕೂಲಿಗೆ ಹೋಗತೊಡಗಿದಳು. ಒಂದು ಸಂಜೆ ದುರುಗೇಶ ಗಾಡಿ ನಿಲ್ಲಿಸಿ ನೇರ ಅವಳ ಹತ್ತಿರ ಬಂದು ಮೊಬೈಲ್ ಹಿಡಿದ. ಬಾಲಪ್ಪ ಮಾಸ್ತರರು ಕಳಿಸಿದ್ದಂತೆ. ದಿಲ್ಲಿಯ ಪ್ರದರ್ಶನದ ವಿಡಿಯೋ. ದೊಡ್ಡ ಬಿಳಿ ಗೋಡೆ, ಸೂಟು ಹಾಕಿದ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅವನ ಹಿಂದೆ ಕುರಿದೊಡ್ಡಿಯ ಚಿತ್ರ ಇತ್ತು. ಅವನು ಸರಿಯಾಗಿ ಅದರ ನಡುವಿನ ಕಪ್ಪು ಬಾಗಿಲಿಗೇ ಅಡ್ಡವಾಗಿ ನಿಂತಿದ್ದ.

"ಏನಂತಾನ್ರಿ?" ಎಂದು ಕೇಳಿದಳು.

"ಯಾರಿಗೊತ್ತು," ಎಂದು ದುರುಗೇಶ ದನಿ ಜೋರು ಮಾಡಿದ. ಇಬ್ಬರೂ ತಲೆ ಹತ್ತಿರ ತಂದು ಕೇಳಿದರು. ಮಧ್ಯದಲ್ಲೊಮ್ಮೆ ಕರಿಬಸಪ್ಪನವರ ಹೆಸರು ಬಂತು, ಅದೊಂದು ತಿಳಿಯಿತು. ಆ ಮನುಷ್ಯ ಕೈ ಬೀಸಿ ಬೀಸಿ ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಅವನ ದನಿ ಗದ್ಗದವಾಯಿತು. ಸ್ವಲ್ಪ ಸರಿದು ನಿಂತಾನು ಎಂದು ಹನುಮಂತಮ್ಮ ಕಾದಳು. ಅವನು ಸರಿಯಲಿಲ್ಲ. ವಿಡಿಯೋ ಮುಗಿಯಿತು.

"ಇನ್ನೊಮ್ಮೆ ಹಚ್ಚಲೇನು?"

"ಹಚ್ರಿ," ಎಂದಳು ಅವಳು.